ಮಂಗಳವಾರದ ಗಡ್ಡ

“ಇದು ಮುಖನೋ, ಜೋಳ ಕೊಯ್ದ ಹೊಲನೋ? ಬರಿಗಾಲಾಗೆ ನಡದ್ರೆ ಕೂಳೆ ಚುಚ್ಚಿ ರಕ್ತ ಬರ್ತೈತಲ್ಲೋ ಸೂರ!”

ಏಜೆಂಟ್ ಶಿವಯೋಗಪ್ಪ ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಸರ್ವಿಸಿಗೆ ಕಾದು ನಿಂತಿದ್ದ ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದ. ನಾನು ಬಸ್ಸಿನ ಟಾಪಿನ ಮೇಲೆ ನಿಂತು ಭಾನುವಳ್ಳಿಯ ಒಬ್ಬ ರೈತನ ಮೆಣಸಿನಕಾಯಿ ಚೀಲಕ್ಕೆ ಹಗ್ಗ ಹಾಕಿ ಮೇಲೆ ಎಳೆಯುತ್ತಿದ್ದೆ. ಚೀಲದ ಯಜಮಾನ ನಕ್ಕ. ಶೇಂಗಾ ಬುಟ್ಟಿಯ ಮುದುಕಿ ನಕ್ಕಳು. ದಾವಣಗೆರೆಗೆ ಹೊರಟಿದ್ದ ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಏಜೆಂಟನ ಅಕ್ಕನ ಮಗ ಅಜ್ಜಪ್ಪನಂತೂ ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದ.

ಕೈಯಲ್ಲಿದ್ದ ಚೀಲವನ್ನು ಹಾಗೆಯೇ ಶಿವಯೋಗಪ್ಪನ ತಲೆಯ ಮೇಲೆ ಬಿಡೋಣ ಅನ್ನಿಸಿತು. ಬಿಡಲಿಲ್ಲ. ಮೆಣಸಿನಕಾಯಿ ಏಜೆಂಟನದಲ್ಲ, ರೈತನದು.

“ಏನಂದ್ರಿ ಏಜೆಂಟ್ರೇ?” ಎಂದೆ.

“ಕೇಳಿಸ್ಲಿಲ್ಲೇನೋ? ಹಂಗಾರೆ ಇನ್ನೊಂದಪ ಹೇಳ್ತೀನಿ, ಎಲ್ರೂ ಕೇಳ್ರಿ.” ಶಿವಯೋಗಪ್ಪ ತನ್ನ ಟೇಬಲ್ಲಿನ ಹಿಂದಿನಿಂದ ಎದ್ದು ಬಸ್ಸಿನ ಹತ್ತಿರವೇ ಬಂದ. “ನಮ್ಮ ಬಸ್ಸಿನ ಸಾವ್ಕಾರ್ರು ಇವತ್ತು ಮೂರು ಗಂಟೆ ಬಸ್ಸಿಗೆ ಖುದ್ದು ಬರ್ತಾರೆ. ಕಂಡಕ್ಟರ್ ಯಾರು ಅನ್ನೋದು ಇವತ್ತೇ ತೀರ್ಮಾನ. ಅವರ ಕಾನೂನು ನಿಂಗೊತ್ತೈತೆ. ಟಿಕೆಟ್ ಚೀಲ ಹಾಕ್ಕಣೋನ ಗಲ್ಲದ ಮ್ಯಾಲೆ ಒಂದು ಕೂದ್ಲು ಕಾಣಂಗಿಲ್ಲ. ಈ ಕೂಳೆ ಇಟ್ಕಂಡು ಅವರ ಮುಂದೆ ನಿಂತ್ರೆ ನಿನ್ನ ಜೊತಿಗೆ ನನ್ನೂ ಓಡಿಸ್ತಾರೆ. ಮೂರರೊಳಗೆ ಬೋಳಿಸ್ಕಂಡು ಬಾ. ಆಗಲ್ಲ ಅಂದ್ರೆ ಟಾಪ್ ಮ್ಯಾಲೇ ಇರು. ಅಲ್ಲಿ ನಿನ್ನ ಮುಖಾನ ಕಾಗಿ ಬಿಟ್ರೆ ಇನ್ಯಾರೂ ನೋಡಂಗಿಲ್ಲ.”

ಮತ್ತೆ ನಗು. ಈ ಸಲ ಜನ ನಕ್ಕಿದ್ದು ಗಡ್ಡಕ್ಕಲ್ಲ, ಅವನ ಜಾಣತನಕ್ಕೆ. ಯಾಕೆಂದರೆ ಅಂದು ಮಂಗಳವಾರ. ಮಂಗಳವಾರ ಹರಿಹರದಲ್ಲೂ ದಾವಣಗೆರೆಯಲ್ಲೂ ಒಂದೇ ಒಂದು ಕ್ಷೌರದಂಗಡಿ ಬಾಗಿಲು ತೆಗೆಯುವುದಿಲ್ಲ. ಇದು ಶಿವಯೋಗಪ್ಪನಿಗೆ ಗೊತ್ತು, ಶೇಂಗಾ ಮುದುಕಿಗೂ ಗೊತ್ತು.

ನನ್ನ ಗಡ್ಡ ಸೋಮಾರಿತನದ ಗಡ್ಡವಲ್ಲ. ಸೋಮವಾರ ಗುತ್ತೂರಿನ ನಮ್ಮ ಮನೆಯಲ್ಲಿ ಗಂಡಸರ ಮುಖಕ್ಕೆ ಕತ್ತಿ ತಾಗುವಂತಿಲ್ಲ, ಅವ್ವ ಬಿಡುವುದಿಲ್ಲ. ಭಾನುವಾರ ಮದುವೆ ದಿಬ್ಬಣಗಳ ಹಾವಳಿ. ಬೆಳಗಿನಿಂದ ರಾತ್ರಿಯವರೆಗೆ ಹಾಸಿಗೆ ಸುರುಳಿ, ತಾಮ್ರದ ಹಂಡೆ, ಬಾಳೆಗೊನೆ ಎಲ್ಲವನ್ನೂ ಟಾಪಿಗೆ ಏರಿಸಿ ಇಳಿಸಿದವನು ನಾನೇ. ಮೂರು ಗಂಟೆಗೆ ಸಾಹುಕಾರರು ಬರುತ್ತಾರೆಂಬುದು ಏಜೆಂಟನಿಗೆ ಶನಿವಾರವೇ ತಿಳಿದಿತ್ತು. ಅಜ್ಜಪ್ಪನಿಗೂ ತಿಳಿದಿತ್ತು, ಅವನು ಭಾನುವಾರವೇ ನುಣ್ಣಗೆ ಮಾಡಿಸಿಕೊಂಡಿದ್ದ. ಅವನಿಗೆ ಬೆಳೆಯುವುದೂ ಅಷ್ಟಕ್ಕಷ್ಟೆ, ಬೀಜ ಉದುರಿಸಿ ಮರೆತ ಪಾತಿಯ ಹಾಗೆ ಅಲ್ಲೊಂದು ಇಲ್ಲೊಂದು. ನನಗೆ ಹೇಳಿದ್ದು ಮಾತ್ರ ಮಂಗಳವಾರ ಬೆಳಿಗ್ಗೆ, ಜನರ ಮುಂದೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ಮೇಷ್ಟ್ರು ನನ್ನ ಅಪ್ಪನ ಹೆಸರು ಹಿಡಿದು ಬೈದಾಗ ಸ್ಲೇಟನ್ನು ಅವರ ಮೇಜಿನ ಮೇಲೆ ಒಡೆದು ಬಂದೆ. ಆದರೆ ಲೆಕ್ಕ ಬರುತ್ತದೆ. ದಾವಣಗೆರೆಯಿಂದ ಹರಿಹರದವರೆಗೆ ಪ್ರತಿ ಸ್ಟೇಜಿನ ದರ ನನಗೆ ಬಾಯಲ್ಲೇ ಇದೆ. ಯಾವ ಊರಿನವರು ಅರ್ಧ ಟಿಕೆಟ್ಟಿಗೆ ಮಗನ ವಯಸ್ಸು ಕಡಿಮೆ ಹೇಳುತ್ತಾರೆ ಅನ್ನುವುದೂ ಗೊತ್ತು. ಕ್ಲೀನರ್ ಆಗಿ ಟಾಪಿನ ಮೇಲೆ ಬಿಸಿಲು ಕುಡಿದದ್ದು ಸಾಕಾಗಿತ್ತು. ಹಿಂದಿನ ಕಂಡಕ್ಟರ್ ಕೆಲಸ ಬಿಟ್ಟು ಊರಿಗೆ ಹೋದ ದಿನವೇ ನಾನು ನಿಶ್ಚಯ ಮಾಡಿದ್ದೆ: ಈ ಬಸ್ಸಿನ ಟಾಪಿನಿಂದ ಇಳಿದು ಒಳಗೆ ಹೋಗಬೇಕು. ಆ ಚರ್ಮದ ಚೀಲ ನನ್ನ ಹೆಗಲಿಗೇ ಬರಬೇಕು. ಈಗ ಅದು ಮೂರು ಗಂಟೆಯೊಳಗೆ ಗಡ್ಡ ಹೋಗುವುದರ ಮೇಲೆ ನಿಂತಿತ್ತು.

ಬಸ್ಸು ಬಿಡುವುದಕ್ಕೆ ಇನ್ನೂ ಹೊತ್ತಿತ್ತು. ಟಾಪಿನಿಂದ ಜಿಗಿದವನು ನೇರ ಕ್ಷೌರದ ಬೊಮ್ಮಣ್ಣನ ಮನೆಗೆ ಓಡಿದೆ. ಅವನು ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ.

“ಬೊಮ್ಮಣ್ಣ, ಒಂದೀಟು ಕತ್ತಿ ಆಡಿಸ್ಬಿಡು. ಹಿತ್ತಲಾಗೆ. ಯಾರಿಗೂ ಹೇಳಲ್ಲ.”

“ಇವತ್ತು ಯಾವ ವಾರ?”

“ಗೊತ್ತು ಮಾರಾಯ.”

“ಗೊತ್ತಿದ್ದೂ ಕೇಳ್ತೀಯಲ್ಲ! ನಮ್ಮ ಸಂಘದೋರು ಕಟ್ಟು ಮಾಡೀವಿ. ಇವತ್ತು ನಮ್ಮಪ್ಪ ಬಂದ್ರೂ ಕತ್ತಿ ಹಿಡಿಯಲ್ಲ. ವಾರಕ್ಕೊಂದಿನ ನಮ್ಮ ಕೈಗೂ ರಜಾ ಬ್ಯಾಡೇನು? ನಾಳೆ ಬೆಳಗಾಗೆ ಬಾ, ಮೊದಲ್ನೇ ಕುರ್ಚಿ ನಿಂದೇ.”

“ನಾಳೆ ನಂಗೆ ಮುಖ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ” ಎಂದು ತಿರುಗಿದೆ. ಅವನದೇನೂ ತಪ್ಪಿರಲಿಲ್ಲ. ಅದರಿಂದಲೇ ಸಿಟ್ಟು ಇನ್ನೂ ಏರಿತು. ತಪ್ಪಿಲ್ಲದವನ ಮೇಲೆ ಸಿಟ್ಟು ಮಾಡಿ ಏನು ಬಂತು?

ವಾಪಸು ಬಂದಾಗ ಡ್ರೈವರ್ ಚಾಂದ್ ಪಾಷಾ ಬಾನೆಟ್ಟು ಎತ್ತಿ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ನಡೆದದ್ದನ್ನೆಲ್ಲ ಅವನು ನೋಡಿದ್ದ. ನಗದೆ ಇದ್ದವನು ಅವನೊಬ್ಬನೇ.

“ಸೂರ, ದಾವಣಗೆರೆಯಾಗೆ ನಿಮ್ಮ ಮಾವ ದುರುಗಣ್ಣ ಇದ್ನಲ್ಲ, ಮಿಲಿಟ್ರಿಯವ್ನು. ಅವನ ಮುಖ ಯಾವಾಗಾರ ನೋಡಿದ್ಯಾ? ಶುಕ್ರವಾರನೂ ಅಷ್ಟೇ, ಮಂಗಳವಾರನೂ ಅಷ್ಟೇ, ಚಮಕ್ ಚಮಕ್ ಅಂತಿತ್ತು. ಯಾವ ಅಂಗಡಿಗೂ ಹೋಗ್ತಿರ್ಲಿಲ್ಲ. ಅವನ ಸಾಮಾನೆಲ್ಲ ಎಲ್ಲಿ ಅದಾವೆ?”

“ಅದರ ಸುದ್ದಿ ತೆಗಿಬ್ಯಾಡ ಭಾಯಿ.”

“ಯಾಕ?”

“ತೆಗಿಬ್ಯಾಡ ಅಂದೆ.”

ಚಾಂದ್ ಪಾಷಾ ಮುಚ್ಚಳ ಹಾಕಿದ. “ನಿನ್ನಿಷ್ಟ. ಆದ್ರೂ ಹೇಳ್ತೀನಿ. ನಡುವಿನ ಟ್ರಿಪ್ಪಿಗೆ ನೀನು ಬರಬ್ಯಾಡ, ನಾನು ಹೆಂಗೋ ಸುಧಾರಿಸ್ತೀನಿ. ಎರಡು ಗಂಟೆಗೆ ದಾವಣಗೆರೆ ಸ್ಟ್ಯಾಂಡಿನಾಗೆ ನಿಂತಿರು. ಹೆಂಗಿರ್ತೀಯೋ ಹಂಗೆ ಹತ್ತಿಸ್ಕಂತೀನಿ.”

ಟಾಪಿನ ಮೇಲೆ ಮೆಣಸಿನಕಾಯಿ ಚೀಲಕ್ಕೆ ಒರಗಿ ಕುಳಿತು ದಾವಣಗೆರೆಯವರೆಗೂ ಹಲ್ಲು ಕಡಿಯುತ್ತ ಹೋದೆ. ಮಾವನ ಸಾಮಾನಿನ ಸುದ್ದಿ ಯಾಕೆ ಬೇಡ ಎಂದರೆ, ಅದು ನನ್ನ ಮುಖವನ್ನು ಒಮ್ಮೆ ಹಾಳು ಮಾಡಿತ್ತು. ಮಾವ ತೀರಿಕೊಂಡ ಮೇಲೆ ಅವನ ಹೆಂಡತಿ ಉಚ್ಚೆಂಗೆಮ್ಮತ್ತೆ ಒಂದು ತಗಡಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಿದ್ದಳು. ಒಳಗೆ ಹಿತ್ತಾಳೆ ರೇಜರು, ಮರದ ಹಿಡಿಕೆಯ ಬ್ರಷ್ಷು, ಗುಂಡನೆಯ ಸೋಪು, ಎಣ್ಣೆಕಾಗದದಲ್ಲಿ ಸುತ್ತಿದ ಬ್ಲೇಡುಗಳು. “ನಂಗೆ ಗಂಡುಮಕ್ಳಿಲ್ಲ, ನೀನಿಟ್ಕೋ” ಎಂದಿದ್ದಳು. ಚಿಕ್ಕಪ್ಪನ ಮಗನ ಮದುವೆಯ ದಿನ ಅದನ್ನು ತೆಗೆದೆ. ಹೊಸ ಬ್ಲೇಡನ್ನು ಬಿಡಿಸಿ, ಕುಡುಗೋಲು ಮಸೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ ಎರಡೂ ಕಡೆ ಚೆನ್ನಾಗಿ ಮಸೆದೆ. ನಮ್ಮ ಮನೆಯಲ್ಲಿ ಮಸೆಯದ ಅಲಗು ಕೆಲಸಕ್ಕೆ ಹೋಗುವುದಿಲ್ಲ. ಬೊಮ್ಮಣ್ಣ ಮಾಡುವ ಹಾಗೆಯೇ ಮುಖಕ್ಕೆ ತಣ್ಣೀರು ತಿಕ್ಕಿಕೊಂಡು, ಒತ್ತಿ ಹಿಡಿದು ಎಳೆದೆ.

ಆಮೇಲಿನದನ್ನು ಹೇಳುವುದೇನಿದೆ? ಆ ಮದುವೆಯಲ್ಲಿ ಮದುಮಗಳಿಗಿಂತ ಹೆಚ್ಚು ಅರಿಶಿನ ನನ್ನ ಮುಖದ ಮೇಲಿತ್ತು. ಗಾಯಕ್ಕೆ ಹಚ್ಚಿದ್ದು. ಮಾರನೆಯ ದಿನವೇ ದಾವಣಗೆರೆಗೆ ಹೋಗಿ ಡಬ್ಬಿಯನ್ನು ಅತ್ತೆಯ ಕಟ್ಟೆಯ ಮೇಲೆ ದಬಾರನೆ ಬಿಸಾಕಿದೆ. “ಇದು ಮನುಷ್ಯರ ಸಾಮಾನಲ್ಲ, ಕತ್ತೆ ಬೋಳಿಸೋ ಸಾಮಾನು” ಎಂದೆ. ಆಮೇಲೆ ಆ ಕಡೆ ಹೋಗಿರಲಿಲ್ಲ.

ಅತ್ತೆಯ ಮನೆ ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲಿನಲ್ಲಿ. ಭಟ್ಟಿ ಕೆಲಸ ಮುಗಿಸಿ ಆಗಷ್ಟೇ ಬಂದಿರಬೇಕು, ಅವಳ ತಲೆಗೂದಲ ತುಂಬ ಹೊಟ್ಟಿನ ಧೂಳು. ನನ್ನನ್ನು ನೋಡಿ ಅವಳು ಆಶ್ಚರ್ಯವನ್ನೇನೂ ತೋರಿಸಲಿಲ್ಲ.

“ಬಾರಪ್ಪ ಮಾರಾಯ. ದಾರಿ ತಪ್ಪಿ ಬಂದ್ಯೋ, ಬಸ್ಸು ಕೆಟ್ಟು ಬಂದ್ಯೋ?”

“ಸುಮ್ನೆ ಬಂದೆ.”

“ಯಾರು ಏನಂದ್ರು?”

“ಯಾರೂ ಏನೂ ಅಂದಿಲ್ಲ.”

“ಹಂಗಾರೆ ಮೂಗು ಯಾಕ ಹಂಗೆ ಅರಳೈತೆ? ಹೋರಿ ಕರ ಆಗೀಯ. ಕೂಡ್ರು. ನೀರು ಕುಡಿ.”

ಕುಳಿತೆ. ನೀರು ಕುಡಿದೆ. ಮಂಡಕ್ಕಿಗೆ ಎಣ್ಣೆ, ಈರುಳ್ಳಿ, ಖಾರದಪುಡಿ ಹಾಕಿ ಕಲಸಿ ಮುಂದಿಟ್ಟಳು. ತಿನ್ನುತ್ತ ಗೋಡೆ ನೋಡಿದೆ. ಮಾವನ ಫೋಟೋ ಇತ್ತು, ಮಿಲಿಟರಿ ಟೋಪಿ, ನುಣ್ಣನೆಯ ಗಲ್ಲ. ಚಾಂದ್ ಪಾಷಾ ಹೇಳಿದ್ದು ಸುಳ್ಳಲ್ಲ.

“ಅತ್ತೆ, ಆ ಡಬ್ಬಿ ಐತಾ?”

“ಯಾವ ಡಬ್ಬಿ?”

ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡಿಸಲಿಕ್ಕೇ ಕೇಳಿದಳು.

“ಮಾವಂದು.”

“ಓ, ಕತ್ತೆ ಬೋಳಿಸೋ ಸಾಮಾನಾ?”

ಬಾಯೊಳಗಿನ ಮಂಡಕ್ಕಿಯನ್ನು ನುಂಗಿದೆ. ಆಮೇಲೆ ಬೆಳಗಿನದ್ದನ್ನು ಹೇಳಿದೆ, ಒಂದೂ ಬಿಡದೆ. ಕೂಳೆ, ಕಾಗೆ, ಅಜ್ಜಪ್ಪನ ನಗು, ಮೂರು ಗಂಟೆ. ಹೇಳುತ್ತ ಹೇಳುತ್ತ ದನಿ ಏರಿ, ಕೊನೆಗೆ ನಾನು ಶಿವಯೋಗಪ್ಪನಿಗೇ ಎದುರು ನಿಂತು ಕೂಗಿದಂತಾಯಿತು. ಅತ್ತೆ ತಾಟು ತೆಗೆದುಕೊಂಡು ಎದ್ದಳು.

“ಕೂಗಿದ್ರೆ ಗಡ್ಡ ಉದುರಲ್ಲ” ಎಂದು ಒಳಗೆ ಹೋದಳು.

ಡಬ್ಬಿ ಅಡಕಲ ಗಡಿಗೆಗಳ ಹಿಂದೆ ಇತ್ತು. ಬ್ರಷ್ಷು ಮಾತ್ರ ಅದರೊಳಗಿರಲಿಲ್ಲ. ಬೀಸುವ ಕಲ್ಲಿನ ಪಕ್ಕದಲ್ಲಿತ್ತು, ಬೆಳ್ಳಗೆ, ಜೋಳದ ಹಿಟ್ಟು ಮೆತ್ತಿಕೊಂಡು.

“ಇದೇನತ್ತೆ?”

“ನೀನು ಬಿಸಾಕಿ ಹೋದ್ಮ್ಯಾಲೆ ಏನು ಪೂಜೆ ಮಾಡ್ಲೇನು? ಕಲ್ಲಿನ ಸಂದ್ಯಾಗಿನ ಹಿಟ್ಟು ಬಳಿಯಾಕೆ ಇದಕ್ಕಿಂತ ಒಳ್ಳೇದು ದಾವಣಗೆರಿ ಪ್ಯಾಟ್ಯಾಗೆ ಸಿಗಂಗಿಲ್ಲ.” ಕಂಬಕ್ಕೆ ಪಟಪಟ ಬಡಿದಳು. ಹಿಟ್ಟು ಉದುರಿತು. “ನಿಮ್ಮ ಮಾವ ನೋಡಿದ್ರೆ ನನ್ನ ಕೋರ್ಟಿಗೆ ಎಳೀತಿದ್ರು.”

ರೇಜರು ತೆಗೆದು ತಿರುಗಣೆ ಬಿಚ್ಚಿದಳು. ನನ್ನ ಮುಖ ಕೊಯ್ದ ಬ್ಲೇಡು ಅಂದಿನಿಂದ ಅದರೊಳಗೇ ಇತ್ತು, ಅಂಚಿಗೆ ತುಕ್ಕು ಬಂದಿತ್ತು. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಂದಳು. ಹುಬ್ಬು ಗಂಟಿಕ್ಕಿತು.

“ಇದು ಯಾಕ ಹಿಂಗಾಗೈತೆ? ಇಲಿ ಕಡದಂಗೆ ಹಲ್ಲು ಹಲ್ಲು ಬಿದ್ದಾವೆ. ಇದಕ್ಕೆ ಏನು ಮಾಡಿದ್ಯೋ?”

“ಏನೂ ಮಾಡ್ಲಿಲ್ಲ. ಮಸೆದೆ ಅಷ್ಟೇ.”

“ಏನು ಮಾಡ್ದೆ?”

“ಮಸೆದೆ. ಕುಡುಗೋಲು ಕಲ್ಲಿಗೆ.”

ಅತ್ತೆ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಕುಸಿದಳು. “ಅಯ್ಯೋ ನನ್ನಪ್ಪನೇ! ಹೊಸಾ ಬ್ಲೇಡ್ನ! ಕುಡುಗೋಲು ಕಲ್ಲಿಗೆ! ಅದು ಕಾರ್ಖಾನ್ಯಾಗೇ ಮಸೆದು ಬಂದಿರ್ತೈತಲ್ಲೋ! ಅದ್ರ ಅಂಚು ನೆಲಕ್ಕೆ ತಾಗಿದ್ರೂ ನಿಮ್ಮ ಮಾವ ಎಸೀತಿದ್ರಲ್ಲೋ!” ನಗುವಿನಿಂದ ಅವಳ ಕಣ್ಣಲ್ಲಿ ನೀರು ಬಂತು. ಉಸಿರು ಹಿಡಿಯಲಾರದೆ ಎದೆ ಒತ್ತಿಕೊಂಡಳು.

ನನ್ನ ಕಿವಿ ಬಿಸಿಯಾಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ನಗು ಸಾಲದೆಂದು ಈಗ ಇಲ್ಲೂ. ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟಿದೆ. ಅಷ್ಟರಲ್ಲಿ ನಗು ಕೇಳಿ ಪಕ್ಕದ ಮನೆಯ ನೂರ್ಜಹಾನ್ ಬಾಗಿಲಿಗೆ ಬಂದಳು. “ಏನಾತು ಉಚ್ಚೆಂಗೆಮ್ಮ? ನಮಗೂ ಹೇಳು, ನಾವೂ ನಗ್ತೀವಿ.”

ಈಗ ಇಡೀ ಸಾಲಿಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಭಟ್ಟಿಗೆ, ನಾಳೆ ಹರಿಹರಕ್ಕೆ ಎಂದುಕೊಂಡೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಏನಿಲ್ಲ ಕಣವ್ವ” ಎಂದಳು. “ನಮ್ಮ ಸೂರ ಬಂದಾನೆ. ಭಾಳ ದಿನಕ್ಕೆ ಬಂದಾನಲ್ಲ, ಖುಷಿ ಆತು. ಒಂದು ಚೂರು ಪಟಿಕ ಇದ್ರೆ ಕೊಡು.”

ನೂರ್ಜಹಾನ್ ನನ್ನನ್ನು ನೋಡಿ “ಚೆನ್ನಾಗಿದೀಯೇನಪ್ಪ?” ಎಂದು ಕೇಳಿ, ಪಟಿಕದ ಚೂರು ತಂದುಕೊಟ್ಟು ಒಳಗೆ ಹೋದಳು. ನಾನು ಹೊಸಿಲಾಚೆ ನಿಂತೇ ಇದ್ದೆ.

“ಹೋಗೋದಾದ್ರೆ ಹೋಗು” ಅಂದಳು ಅತ್ತೆ, ಒಲೆಯ ಮೇಲೆ ನೀರಿಡುತ್ತ. “ಇರೋದಾದ್ರೆ ಅಂಗಿ ಬಿಚ್ಚು.”

ಹೊಸಿಲಾಚೆಯ ಕಾಲನ್ನು ಒಳಗೆ ತೆಗೆದುಕೊಂಡು ಅಂಗಿ ಬಿಚ್ಚಿದೆ.

“ಮಂಗಳವಾರ ಅಲ್ವಾ ಅತ್ತೆ. ನಿಂಗೇನೂ ಅನ್ನಿಸಲ್ವಾ?”

“ನಿಮ್ಮ ಮಾವನ ಮಿಲಿಟ್ರಿಯಾಗೆ ಸಾಹೇಬ್ರು ಬೆಳಗಾಗೆದ್ದು ಗಲ್ಲ ಮುಟ್ಟಿ ನೋಡ್ತಿದ್ರಂತೆ. ಸೋಮವಾರ, ಮಂಗಳವಾರ ಅಂತ ಹೇಳಿದ್ರೆ ಕೇಳ್ತಿದ್ರೇನು? ನಿಮ್ಮ ಮಾವ ಮಿಲಿಟ್ರಿ ಬಿಟ್ಟು ಬಂದ ಹೊಸದ್ರಾಗೆ ನಾನೂ ಗುಣುಗಿದೆ. ದೇವ್ರಿಗೆ ನನ್ನ ಗಡ್ಡದ ಮ್ಯಾಲೆ ಕಣ್ಣಿದ್ರೆ ನನ್ನ ಮಿಲಿಟ್ರಿಯಾಗೇ ಒಯ್ದಿರ್ತಿದ್ದ ಅಂದ್ರು. ಅಲ್ಲಿಂದ ನಾನು ಸುಮ್ನಾದೆ.”

ಬಿಸಿನೀರಿನಲ್ಲಿ ಟವೆಲು ಅದ್ದಿ ಹಿಂಡಿ ನನ್ನ ಮುಖಕ್ಕೆ ಒತ್ತಿದಳು. ಸುಟ್ಟಿತು. “ಇರಲಿ, ನೆನೀಲಿ” ಎಂದಳು. ಸೋಪು ಬೇಸಿಗೆಯ ಎರೆಹೊಲದಂತೆ ಬಿರುಕುಬಿಟ್ಟಿತ್ತು. ಅದರ ಮೇಲೆ ಬಿಸಿನೀರು ಸುರಿದು, ನೆನೆದ ಬ್ರಷ್ಷಿನಿಂದ ತಿರುವಿದಳು. ಮೊದಲು ಏನೂ ಬರಲಿಲ್ಲ. ಬೂದುಬಣ್ಣದ ನೀರು, ಜೋಳದ ಹಿಟ್ಟಿನ ವಾಸನೆ. ಚೆಲ್ಲಿ ಮತ್ತೆ ತಿರುವಿದಳು. ಆಮೇಲೆ ನಿಧಾನಕ್ಕೆ, ಆಗ ಕರೆದ ಹಾಲಿನ ಮೇಲೆ ಬರುವಂಥ ನೊರೆ ಬಂತು. ಬ್ರಷ್ಷನ್ನು ನನ್ನ ಕೈಗೆ ಕೊಟ್ಟು ಕನ್ನಡಿಯನ್ನು ಗೂಟಕ್ಕೆ ನೇತುಹಾಕಿದಳು.

“ನೀನೇ ಹಚ್ಚು. ತಿಕ್ಕಬ್ಯಾಡ, ಸುತ್ತಿಸು. ಕೂದ್ಲು ಎದ್ದು ನಿಲ್ಲಬೇಕು.”

ಹಚ್ಚಿದೆ. ಕನ್ನಡಿಯಲ್ಲಿ ನನ್ನ ಮುಖ ಯಾರದೋ ಮುದುಕನ ಮುಖವಾಯಿತು. ಎಣ್ಣೆಕಾಗದದಿಂದ ಹೊಸ ಬ್ಲೇಡು ಬಿಡಿಸಿ ಅತ್ತೆಯೇ ರೇಜರಿಗೆ ಹಾಕಿ ತಿರುಗಣೆ ಬಿಗಿದಳು. ಮಸೆಯುವ ಕಲ್ಲೊಂದನ್ನು ಹುಡುಕುವವಳಂತೆ ಸುಮ್ಮನೆ ಸುತ್ತ ನೋಡಿದಳು. ನನಗೆ ನಗು ಬಂತು. ನಗಲಿಲ್ಲ.

ರೇಜರು ಕೈಗೆ ಬಂದ ಕೂಡಲೇ ಬೆಳಗಿನ ಮಾತೂ ಜೊತೆಗೆ ಬಂತು. ಕೂಳೆ ಅಂತೆ. ಕಾಗೆ ಅಂತೆ. ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಗಲ್ಲಕ್ಕೆ ಒತ್ತಿದೆ. ಅತ್ತೆ ನನ್ನ ಮಣಿಕಟ್ಟಿಗೆ ಫಟ್ಟನೆ ಹೊಡೆದಳು.

“ಏಜೆಂಟನ ಕುತ್ತಿಗಿ ಅಲ್ಲ ಅದು, ನಿನ್ನ ಗಲ್ಲ.”

“ಒತ್ತದೆ ಹೆಂಗೆ ಹೋಗ್ತೈತೆ?”

“ಅದಕ್ಕೇ ಭಾರ ಐತೆ. ಹಿತ್ತಾಳಿ ಯಾಕ ಹಾಕ್ಯಾರೆ ಮತ್ತೆ? ನೀನು ಬರೇ ದಾರಿ ತೋರ್ಸು. ಕೂದ್ಲು ಯಾವ ಕಡೆ ಮಲಗೈತೋ ಆ ಕಡೆ. ಎತ್ತಿನ ಮೈ ಸವರ್ತೀಯಲ್ಲ, ಹಂಗೆ.”

“ನಿಂಗೆ ಹೆಂಗೆ ಗೊತ್ತು ಇದೆಲ್ಲ?”

“ದಿನಾ ಬಿಸಿನೀರು ಕೊಟ್ಟು ಕನ್ನಡಿ ಹಿಡ್ಕಂಡು ನಿಂತೋಳು ಯಾರು?” ಅವಳು ತನ್ನ ತೋರುಬೆರಳನ್ನು ಮಡಿಸಿ ತನ್ನದೇ ಗಲ್ಲದ ಮೇಲೆ, ಕಿವಿಯ ಬುಡದಿಂದ ಕೆಳಕ್ಕೆ, ನಿಧಾನವಾಗಿ ಎಳೆದು ತೋರಿಸಿದಳು. ಎಳೆಯುವಾಗ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಒಂದು ಕಣ್ಣು ಅರ್ಧ ಮುಚ್ಚಿತು. ತುಟಿಯ ಹತ್ತಿರ ಬಂದಾಗ ನಾಲಿಗೆಯನ್ನು ತುಟಿಯೊಳಗೆ ಒತ್ತಿ ಉಬ್ಬಿಸಿಕೊಂಡಳು. ಥೇಟ್ ಮಾವ. ಚಿಕ್ಕವನಿದ್ದಾಗ ನಾನು ಇದೇ ಕಟ್ಟೆಯ ಮೇಲೆ ಕುಳಿತು ಆ ಸೊಟ್ಟ ಮುಖ ನೋಡಿ ನಗುತ್ತಿದ್ದೆ, ಮಾವ ನನ್ನ ಮೂಗಿಗೆ ನೊರೆ ಹಚ್ಚುತ್ತಿದ್ದ. ಅದು ಅವಳಿಗೂ ನೆನಪಾಗಿರಬೇಕು. ಬೆರಳು ಗಲ್ಲದ ಮೇಲೇ ನಿಂತುಬಿಟ್ಟಿತು.

“ಕತ್ತೆ ಸಾಮಾನು ಅಂದಿದ್ದು...” ಎಂದು ಶುರುಮಾಡಿದೆ.

“ಮಾತು, ಸಿಟ್ಟು ಎಲ್ಲಾ ಆಮ್ಯಾಕೆ” ಎಂದಳು. “ನೊರೆ ಆರ್ತೈತೆ.”

ಎಳೆದೆ. ಒತ್ತದೆ, ಬರೀ ದಾರಿ ತೋರಿಸುತ್ತ. ಕರ್ ಎಂದು ಸಣ್ಣ ಸದ್ದಾಯಿತು, ಒಣ ಎಲೆಯ ಮೇಲೆ ಕೋಳಿ ನಡೆದ ಹಾಗೆ. ನೊರೆ ಸರಿದ ಜಾಗದಲ್ಲಿ ನನ್ನದೇ ಗಲ್ಲ ಕಂಡಿತು, ರಕ್ತವಿಲ್ಲದೆ. ಬೊಮ್ಮಣ್ಣನ ಕತ್ತಿಗೂ ಇಷ್ಟು ನುಣುಪು ಬಂದಿರಲಿಲ್ಲ. ಕೈಯ ಬಿಗಿ ತಾನಾಗಿ ಸಡಿಲಿತು. ಎಡಗಲ್ಲ, ಬಲಗಲ್ಲ, ಮೂಗಿನ ಕೆಳಗೆ. ತುಟಿ ಉಬ್ಬಿಸಿದೆ, ಬಾಯಿ ಸೊಟ್ಟ ಮಾಡಿದೆ. ಗದ್ದದ ಕೆಳಗೆ ಸ್ವಲ್ಪ ಅವಸರ ಮಾಡಿದ್ದಕ್ಕೆ ಸಾಸಿವೆಯಷ್ಟು ರಕ್ತ ಚಿಮ್ಮಿತು. ಅತ್ತೆ ಪಟಿಕ ಒತ್ತಿದಳು. ಚುರ್ ಅಂದಿತು, ನಿಂತಿತು.

ಮುಖ ತೊಳೆದು ಗಲ್ಲ ಸವರಿಕೊಂಡೆ. ಸವರಿದ ಕೈ ಜಾರಿತು. ಮತ್ತೊಮ್ಮೆ ಸವರಿದೆ.

“ಸಾಕು, ಸವೆದೀತು” ಎಂದಳು ಅತ್ತೆ. ಚೆನ್ನಾಗಿದೆ ಎಂದೇನೂ ಹೇಳಲಿಲ್ಲ. ರೇಜರು, ಸೋಪು, ಉಳಿದ ಬ್ಲೇಡುಗಳು, ಹಿಂಡಿ ಒರೆಸಿದ ಬ್ರಷ್ಷು, ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು.

“ಬ್ರಷ್ಷು ನಿಂಗೆ ಹಿಟ್ಟಿಗೆ ಬೇಕಲ್ಲ?”

“ಕಂಡಕ್ಟರ್ ಆದ್ಮ್ಯಾಲೆ ಹೊಸಾದು ತಂದ್ಕೊಡು. ಹೋಗು, ಬಸ್ಸು ಬಿಡ್ತಾರೆ.”

ಬಾಗಿಲಲ್ಲಿ ಬಗ್ಗಿ ಅವಳ ಕಾಲು ಮುಟ್ಟಿದೆ. ಅವಳು ಸೋಪು ಹತ್ತಿದ ಕೈಯನ್ನು ನನ್ನ ತಲೆಯ ಮೇಲಿಡಲು ಬಂದು, ಸೋಪು ನೋಡಿಕೊಂಡು, ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ದಾವಣಗೆರೆ ಸ್ಟ್ಯಾಂಡಿನಲ್ಲಿ ಚಾಂದ್ ಪಾಷಾ ಸ್ಟೇರಿಂಗ್ ಹಿಂದಿನಿಂದ ನನ್ನನ್ನು ನೋಡಿ “ವಾರೆವ್ಹಾ, ದುರುಗಣ್ಣ ವಾಪಸ್ ಬಂದಾ!” ಎಂದ. ಮುಂದಿನ ಸೀಟಿನಲ್ಲಿ ಸಾಹುಕಾರರು ಆಗಲೇ ಕುಳಿತಿದ್ದರು, ಬಿಳಿ ರುಮಾಲು, ಮಡಿಲಲ್ಲಿ ಕೊಡೆ. ನಾನು ನಮಸ್ಕಾರ ಹಾಕಿ ಏಣಿ ಹತ್ತಿದೆ. ಕೆಲಸ ಕೆಲಸವೇ. ರಸ್ತೆಯ ಧೂಳು ಕೂರದಿರಲೆಂದು ಟವೆಲನ್ನು ಮುಖಕ್ಕೆ ಸುತ್ತಿಕೊಂಡೆ. ಆದರೂ ನಡುವೆ ಒಮ್ಮೆ ಟವೆಲು ಸರಿಸಿದೆ. ಆ ಗಾಳಿಯಲ್ಲಿ ದಿನವೂ ಕುಳಿತವನು ನಾನು. ಅದು ಗಲ್ಲಕ್ಕೆ ಇಷ್ಟು ತಣ್ಣಗೆ ತಾಗುತ್ತದೆಂದು ಗೊತ್ತಿರಲಿಲ್ಲ.

ಹರಿಹರದಲ್ಲಿ ಶಿವಯೋಗಪ್ಪ ಕೈಮುಗಿದುಕೊಂಡು ಬಸ್ಸಿನ ಬಾಗಿಲಿಗೆ ಓಡಿ ಬಂದ. ಹಿಂದೆ ಇಸ್ತ್ರಿ ಅಂಗಿಯ ಅಜ್ಜಪ್ಪ. ಸಾಹುಕಾರರು ಇಳಿದವರೇ ನೆರಳಿಗೆ ಹೋಗಿ ಕುರ್ಚಿಯಲ್ಲಿ ಕುಳಿತರು. ಬೆಳಗಿನ ಜನರಲ್ಲಿ ಅರ್ಧದಷ್ಟು ಜನ ಊರಿಗೆ ವಾಪಸು ಹೋಗಲು ಅಲ್ಲೇ ಇದ್ದರು. ಶೇಂಗಾ ಮುದುಕಿಯಂತೂ ಇದ್ದೇ ಇದ್ದಳು.

“ಇವನೇ ಸಾವ್ಕಾರ್ರೇ, ನಮ್ಮ ಅಜ್ಜಪ್ಪ” ಎಂದ ಶಿವಯೋಗಪ್ಪ. “ಇನ್ನೊಬ್ಬ ಕ್ಲೀನರ್ ಸೂರಪ್ಪ. ಅವನ ಅವತಾರ ನೀವೇ ನೋಡ್ರಿ...”

ನಾನು ಟಾಪಿನಿಂದ ಇಳಿದು, ಟವೆಲು ತೆಗೆದು, ಮುಂದೆ ನಿಂತೆ. ಶಿವಯೋಗಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಸಾಹುಕಾರರು ಇಬ್ಬರನ್ನೂ ನೋಡಿದರು. ಮೊದಲು ಅಜ್ಜಪ್ಪನ ಗದ್ದದ ಕಡೆಗೆ ಕೊಡೆಯ ತುದಿ ತೋರಿಸಿದರು.

“ನಿಂದು ಯಾವಾಗ ಮಾಡಿಸಿದ್ದು?”

“ಭಾನುವಾರ್ರಿ.”

“ಇವತ್ತು?”

“ಇವತ್ತು ಮಂಗಳವಾರ ಅಲ್ರಿ ಸಾವ್ಕಾರ್ರೇ. ಅಂಗಡಿ ಮುಚ್ಚಿರ್ತಾವ್ರಿ.”

“ನನ್ನ ಬಸ್ಸು ಮಂಗಳವಾರ ಮುಚ್ಚಿರ್ತೈತೇನೋ?”

ಅಜ್ಜಪ್ಪ ಶಿವಯೋಗಪ್ಪನ ಮುಖ ನೋಡಿದ. ಶಿವಯೋಗಪ್ಪ ನೆಲ ನೋಡಿದ. ಸಾಹುಕಾರರು ನನ್ನ ಕಡೆ ತಿರುಗಿದರು.

“ನಿಂದು ಇವತ್ತಿಂದು. ಮುಂದಿನ ಮಂಗಳವಾರ ಹೆಂಗೆ?”

“ದಿನಾ ಹಿಂಗೇ ಬರ್ತೀನ್ರಿ. ನಾನೇ ಮಾಡ್ಕಂತೀನಿ, ಸಾಮಾನು ನಂದೇ ಐತೆ.”

“ಸ್ಟೇಜುಗಳು ಗೊತ್ತಾವಾ?”

ಹೇಳಿದೆ. ದಾವಣಗೆರೆಯಿಂದ ಒಂದೊಂದೇ ಊರು, ಒಂದೊಂದರ ದರ, ಅರ್ಧ ಟಿಕೆಟ್ಟು, ಲಗೇಜು. ಹರಿಹರದ ಹತ್ತಿರ ಬರುವಷ್ಟರಲ್ಲಿ ಸಾಹುಕಾರರು ಕೈಯೆತ್ತಿ ನಿಲ್ಲಿಸಿದರು. “ಚೀಲ ಇವನಿಗೆ ಕೊಡ್ರಿ ಶಿವಯೋಗಪ್ಪ. ನಾಲ್ಕೂವರೆ ಟ್ರಿಪ್ಪಿಂದಲೇ ಹತ್ಲಿ” ಎಂದು ಎದ್ದು ಹೋಟೆಲಿನ ಕಡೆ ನಡೆದರು.

ಶಿವಯೋಗಪ್ಪ ಟೇಬಲ್ಲಿನ ಖಾನೆಯಿಂದ ಚರ್ಮದ ಚೀಲ ತೆಗೆದು ನನ್ನ ಎದೆಗೆ ಎಸೆದಂತೆ ಕೊಟ್ಟ. ಹೆಗಲಿಗೆ ಹಾಕಿಕೊಂಡೆ. ಟಿಕೆಟ್ಟಿನ ಕಟ್ಟು, ಸೀಟಿ ಒಳಗಿದ್ದವು. ಮಾವನ ಡಬ್ಬಿಯನ್ನೂ ಅದರೊಳಗೇ ಇಟ್ಟೆ. ಸರಿಯಾಗಿ ಹಿಡಿಸಿತು.

ಸಾಹುಕಾರರು ಹೋಟೆಲಿನ ಒಳಗೆ ಮರೆಯಾದದ್ದನ್ನು ನೋಡಿಕೊಂಡು ಶಿವಯೋಗಪ್ಪ ಮತ್ತೆ ದನಿ ಎತ್ತಿದ. ಬೆಳಗಿನದೇ ದನಿ, ಎಲ್ಲರಿಗೂ ಕೇಳುವಂಥದ್ದು.

“ಅಲ್ಲಲೇ ಸೂರ, ಮಂಗಳವಾರ ಬೋಳಿಸ್ಕಂಡು ಬಂದೀಯಲ್ಲ, ನಿಮ್ಮನ್ಯಾಗೆ ಯಾರು ಸತ್ರೋ?”

ಒಬ್ಬಿಬ್ಬರು ನಕ್ಕರು. ಉಳಿದವರು ನಗಲಿಲ್ಲ, ನನ್ನ ಬಾಯಿ ನೋಡಿದರು. ಶೇಂಗಾ ಮುದುಕಿ ಅಳೆಯುವ ಪಾವನ್ನು ಕೈಯಲ್ಲಿ ಹಿಡಿದುಕೊಂಡೇ ಕಾದಳು. ಚಾಂದ್ ಪಾಷಾ ಬಸ್ಸಿನಿಂದ ಅರ್ಧ ಇಳಿದು ನಿಂತ, ನಾನು ಕೈ ಎತ್ತಿದರೆ ಹಿಡಿಯಲಿಕ್ಕೆ.

ಉತ್ತರ ಇರಲಿಲ್ಲವೆಂದಲ್ಲ. ಬೆಳಿಗ್ಗೆ ಟಾಪಿನ ಮೇಲೆ ಕುಳಿತು ದಾವಣಗೆರೆಯವರೆಗೂ ಕಟ್ಟಿಟ್ಟಿದ್ದ ಉತ್ತರಗಳು ಬೇಕಾದಷ್ಟಿದ್ದವು. ಅವನ ಮೂರು ತಲೆಮಾರಿಗೆ ಸಾಕಾಗುವಷ್ಟು. ಗದ್ದದ ಕೆಳಗೆ ಪಟಿಕ ಒತ್ತಿದ ಜಾಗ ಒಂದಿಷ್ಟು ಚುರುಗುಟ್ಟಿತು. ಚೀಲದೊಳಗೆ ಡಬ್ಬಿ ನನ್ನ ಪಕ್ಕೆಗೆ ತಾಗಿಕೊಂಡಿತ್ತು.

ಅವನ ಮುಖವನ್ನು ಒಮ್ಮೆ ನೋಡಿದೆ. ಸೋಮವಾರದ್ದು, ಮಂಗಳವಾರದ್ದು ಎರಡೂ ಕೂಳೆ ಅಲ್ಲಿ ಬೆಳ್ಳಗೆ ಎದ್ದಿತ್ತು.

ಚೀಲದ ಪಟ್ಟಿ ಸರಿಮಾಡಿಕೊಂಡು, ಬಸ್ಸಿನ ಹಿಂದಿನ ಏಣಿಯನ್ನು ದಾಟಿ, ಬಾಗಿಲಿನ ಕಡೆ ನಡೆದೆ.